ಎಡಗೈಯ ಆನೆ

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ. ಬೆಳಿಗ್ಗೆ ಹಾಲಿನವನ ಮೇಲೆ ಹರಿಹಾಯ್ದರೆ ಸಂಜೆಯೊಳಗೆ ಅವನ ಮಗಳ ಪರೀಕ್ಷೆ ಹೇಗಾಯಿತೆಂದು ನಾನೇ ಕೇಳಿರುತ್ತೇನೆ. ಈ ಒಂದು ಸಿಟ್ಟು ಮಾತ್ರ ಇಳಿದಿಲ್ಲ. ಇದು ಒಂದು ಕ್ರಾಸ್ ಸ್ಟಿಚ್ ಚಿತ್ರದ ವಿಷಯ. ಕೇಳಿದವರು, "ಅಯ್ಯ, ದಾರದ ಸಲುವಾಗಿ ಇಷ್ಟ್ಯಾಕ್ರಿ?" ಎನ್ನುತ್ತಾರೆ. ಹೌದು, ದಾರದ ಸಲುವಾಗಿಯೇ.

ಕ್ರಾಸ್ ಸ್ಟಿಚ್ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಚೌಕಳಿ ನೇಯ್ಗೆಯ ಮ್ಯಾಟಿ ಬಟ್ಟೆ ಇರುತ್ತದೆ. ಅದರ ಒಂದೊಂದು ಪುಟ್ಟ ಚೌಕವನ್ನು ನಾವು ಮನೆ ಎನ್ನುತ್ತೇವೆ. ಪ್ರತಿ ಮನೆಗೂ ಮೂಲೆಯಿಂದ ಮೂಲೆಗೆ ಒಂದು ಎಳೆ, ಅದರ ಮೇಲೆ ಅಡ್ಡಲಾಗಿ ಇನ್ನೊಂದು ಎಳೆ. ಗುಣಾಕಾರದ ಗುರುತು, ಅಷ್ಟೇ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ. ಪಕ್ಕದಲ್ಲಿ ಗ್ರಾಫ್ ಹಾಳೆ ಇಟ್ಟುಕೊಂಡು ಎಣಿಸುತ್ತ ಹೋಗಬೇಕು. ಒಂದು ಮನೆ ತಪ್ಪಿದರೆ ಗಿಳಿಯ ಕೊಕ್ಕು ಅದರ ಬೆನ್ನಿಗೆ ಬಂದು ಕೂಡುತ್ತದೆ. ಇಷ್ಟಾದ ಮೇಲೂ ಇದರ ಹುಚ್ಚು ಯಾಕೆ ಹಿಡಿಯುತ್ತದೆ ಎಂದರೆ, ಎಣಿಸುವಾಗ ಬೇರೇನೂ ನೆನಪಾಗುವುದಿಲ್ಲ. ಅತ್ತೆ ಆಡಿದ ಮಾತು, ಬಾರದ ನೀರು, ಗಂಡನ ಮೌನ, ಎಲ್ಲ ಏಳು ಬೂದಿ ಎರಡು ಕಪ್ಪು ಎಂಬ ಲೆಕ್ಕದ ಆಚೆಗೇ ನಿಲ್ಲುತ್ತವೆ. ನಮ್ಮ ಮೇಲಿನ ಮಹಡಿಯಲ್ಲಿ ಮೈಸೂರು ಕಡೆಯ ಹುಡುಗಿಯೊಬ್ಬಳಿದ್ದಾಳೆ, ಇಲ್ಲೇ ಪುಣೆಯ ಖರಾಡಿಯಲ್ಲಿ ಐಟಿ ಕಂಪನಿಯ ಕೆಲಸ. ಅವಳೂ ಈಗ ಮೊಬೈಲ್‌ನಲ್ಲಿ ನಕ್ಷೆ ನೋಡಿಕೊಂಡು ಕ್ರಾಸ್ ಸ್ಟಿಚ್ ಹಾಕುತ್ತಾಳೆ. "ಆಂಟಿ, ಇಡೀ ವಾರದ ಮೀಟಿಂಗ್ ಎಲ್ಲಾ ತಲೆಯಿಂದ ಖಾಲಿಯಾಗತ್ತೆ" ಎನ್ನುತ್ತಾಳೆ. ನಾವು ಶಾಲೆಯಲ್ಲಿ ಬೈಸಿಕೊಂಡು ಕಲಿತದ್ದನ್ನು ಇವರು ಖುಷಿಗೆ ಕಲಿಯುತ್ತಾರೆ. ಕಲಿಯಲಿ.

ನಮ್ಮ ಕಾಲಕ್ಕೆ ಧಾರವಾಡದ ಕಡೆ ಕ್ರಾಸ್ ಸ್ಟಿಚ್ ಇಲ್ಲದ ಪಡಸಾಲೆಯೇ ಇರಲಿಲ್ಲ. ಜೋಡಿ ಹಂಸ, ಗುಲಾಬಿ ಬುಟ್ಟಿ, ಇಂಗ್ಲಿಷ್ ಅಕ್ಷರದ 'ವೆಲ್‌ಕಮ್', ಎಲ್ಲಕ್ಕೂ ಗಾಜಿನ ಕಟ್ಟು. ಕನ್ಯೆ ನೋಡಲು ಬಂದವರಿಗೆ ಉಪ್ಪಿಟ್ಟು ಕೊಡುತ್ತ "ಇದು ನಮ್ಮ ಹುಡುಗಿನ ಹಾಕಿದ್ದು" ಎನ್ನುವುದು ಪದ್ಧತಿ. ಅರ್ಧಕ್ಕರ್ಧ ಚಿತ್ರಗಳು ಅಕ್ಕನೋ ಚಿಕ್ಕಮ್ಮನೋ ಹಾಕಿದವು. ಎಲ್ಲರಿಗೂ ಗೊತ್ತಿರುತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ನಮ್ಮ ಹೊಲಿಗೆಯ ಟೀಚರು, ಇದು ಪರದೇಶದ ವಿದ್ಯೆ, ಅಲ್ಲಿನ ಹುಡುಗಿಯರು ಇದರಿಂದಲೇ ಅಕ್ಷರ ಕಲಿಯುತ್ತಿದ್ದರು, ಮಿಷನ್ ಶಾಲೆಗಳ ಮೇಡಂಗಳು ಇಲ್ಲಿಗೆ ತಂದರು ಎಂದು ಪಾಠ ಹೇಳಿದ್ದರು. ಅದನ್ನು ಮನೆಗೆ ಬಂದು ಒಪ್ಪಿಸಿದರೆ ನಮ್ಮ ಅವ್ವ ಮೂಗು ಮುರಿದಳು.

"ಏನ್ ತಂದಾರ ಅವರು? ನಮ್ಮ ಕಸೂತ್ಯಾಗ ಮೆಂತಿ ಇಲ್ಲೇನು? ನಮ್ಮಜ್ಜಿ ಇಳಕಲ್ ಸೀರಿ ಸೆರಗಿಗೆ ಹಾಕ್ತಿದ್ಲು. ಇದನ್ನ ಅಲ್ಲೇನು?"

ಅವ್ವ ಹೇಳಿದ್ದು ನಿಜ. ಮೆಂತ್ಯದ ಕಾಳಿನ ಹಾಗೆ ಕಾಣುವ ಅಡ್ಡ ಹೊಲಿಗೆ ಕಸೂತಿಯಲ್ಲಿ ಮೊದಲಿನಿಂದಲೂ ಇತ್ತು. ಎರಡೂ ದಾರಿಗಳು ಹೋಗಿ ಸೇರುವುದು ಒಂದೇ ಗುಣಾಕಾರದ ಗುರುತಿಗೆ.

ನನ್ನ ತೊಂದರೆ ಬೇರೆ ಇತ್ತು. ನಾನು ಎಡಚಿ. ಎಡಗೈಯಲ್ಲಿ ಸೂಜಿ ಹಿಡಿದರೆ ಅವ್ವ ಫುಟ್‌ಪಟ್ಟಿಯಿಂದ ಹೊಡೆಯುತ್ತಿದ್ದಳು. ಬಲಗೈಗೆ ಸೂಜಿ ಬಂದರೆ ನಾನು ಬಟ್ಟೆಯನ್ನೂ ಬೆರಳನ್ನೂ ಸೇರಿಸಿ ಹೊಲಿಯುತ್ತಿದ್ದೆ. ಒಂದು ದಿನ ನನ್ನ ಬೆರಳಿನ ರಕ್ತ ಬಿಳಿ ಮ್ಯಾಟಿಗೆ ಹತ್ತಿದ್ದನ್ನು ನೋಡಿ ಆಕೆ ಪಟ್ಟಿಯನ್ನು ಅಟ್ಟದ ಮೇಲೆ ಒಗೆದಳು. ನನ್ನ ಪಕ್ಕ ಕೂತು ಕಲಿಸುವುದನ್ನು ಬಿಟ್ಟು ಎದುರಿಗೆ ಬಂದು ಕೂತಳು. "ಕನ್ನಡ್ಯಾಗ ನೋಡಿದಂಗ ನೋಡು. ನಾ ಆ ಕಡೆ ಹ್ವಾದ್ರ ನೀ ಈ ಕಡೆ ಬಾ" ಎಂದಳು. ಹಾಗೆ ಕಲಿತೆ. ಅದರಿಂದಾಗಿ ಎಲ್ಲರ ಹೊಲಿಗೆಯ ಮೇಲಿನ ಎಳೆ ಬಲಕ್ಕೆ ವಾಲಿದರೆ ನನ್ನದು ಎಡಕ್ಕೆ ವಾಲುತ್ತದೆ. ಒಂದು ಚಿತ್ರದಲ್ಲಿ ಎಲ್ಲ ಮೇಲೆಳೆಗಳೂ ಒಂದೇ ಕಡೆಗೆ ವಾಲಬೇಕು ಎಂಬುದು ಈ ಕೆಲಸದ ದೊಡ್ಡ ನಿಯಮ. ಇಲ್ಲದಿದ್ದರೆ ಬೆಳಕು ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಬೀಳುತ್ತದೆ. ನಾನೊಬ್ಬಳೇ ಹಾಕುವವರೆಗೆ ಇದರಿಂದ ಏನೂ ಬಾಧಕವಿರಲಿಲ್ಲ.

ಆ ಚಿತ್ರದ ಗೆಳತಿ ಸಿಕ್ಕದ್ದು ನಾನು ಪುಣೆಗೆ ಬಂದ ಮೇಲೆ, ತುಳಶಿಬಾಗಿನ ಪೇಟೆಯಲ್ಲಿ. ದಾರದ ಅಂಗಡಿಯವನ ಜೊತೆ ಒಂದು ಹಸಿರಿನ ಸಲುವಾಗಿ ನಾನು ಮರಾಠಿಯಲ್ಲಿ ವಾದ ಮಾಡುತ್ತಿದ್ದೆ. ಹಿಂದಿನಿಂದ ಯಾರೋ ಕನ್ನಡದಲ್ಲಿ ಗೊಣಗಿದರು: "ಇದು ಹಸರಲ್ಲ, ನೀರಿನ ಹೌದಿನ ಪಾಚಿ." ನಾನು ಗಕ್ಕನೆ ತಿರುಗಿ ನಕ್ಕೆ. ವಿಜಯಪುರದ ಕಡೆಯವಳು, ಗಂಡನದು ಬಟ್ಟೆ ವ್ಯಾಪಾರ, ನಮ್ಮ ಬಿಲ್ಡಿಂಗಿನಲ್ಲೇ ಹೊಸದಾಗಿ ಮನೆ ಮಾಡಿದ್ದಳು. ನನಗಿಂತ ಎಂಟು ವರ್ಷ ಚಿಕ್ಕವಳು. ಅಂದಿನಿಂದ ನಾನು ಅವಳಿಗೆ ಅಕ್ಕಾರು, ಅವಳು ನನಗೆ ನೀನು. ಹತ್ತು ವರ್ಷ ಶನಿವಾರದ ಮಧ್ಯಾಹ್ನಗಳೆಲ್ಲ ನಮ್ಮವೇ. ನಮ್ಮ ಯಜಮಾನರು ಶಿವಾಜಿನಗರದ ಆಫೀಸಿನಿಂದ ಅರ್ಧ ದಿನ ಮುಗಿಸಿ ಬಂದರೆ ಅವರಿಗೆ ಕೂರಲು ಖುರ್ಚಿ ಇರುತ್ತಿರಲಿಲ್ಲ, ಎಲ್ಲದರ ಮೇಲೂ ದಾರ.

ಅವಳ ಕೈಯೆಂದರೆ ಕೈ. ಬಟ್ಟೆ ತಿರುಗಿಸಿ ನೋಡಿದರೂ ಒಂದು ಗಂಟು ಕಾಣದು. ತನ್ನ ಅಡುಗೆಮನೆಯ ಡಬ್ಬಿಗಳನ್ನೂ ಎತ್ತರದ ಪ್ರಕಾರ ಸಾಲಾಗಿ ಇಡುವವಳು. ನಮ್ಮ ಮನೆಗೆ ಬಂದರೆ ಮಾತಾಡುತ್ತಲೇ ನನ್ನ ಡಬ್ಬಿಗಳನ್ನೂ ಸರಿಸಿಬಿಡುತ್ತಿದ್ದಳು. ನನಗೆ ಅದೂ ಪ್ರೀತಿಯಾಗಿಯೇ ಕಂಡಿತ್ತು.

ಇಬ್ಬರೂ ಸೇರಿ ಒಂದು ದೊಡ್ಡ ಚಿತ್ರ ಹಾಕೋಣ ಎಂದವಳು ಅವಳೇ. ನಡುವೆ ತುಳಸಿಕಟ್ಟೆ, ಆಚೀಚೆ ಎದುರುಬದುರಾಗಿ ಎರಡು ಆನೆ, ಕೆಳಗೆ ಉದ್ದಕ್ಕೂ ಹುಲ್ಲು. ಎಡಗಡೆಯ ಆನೆ ನನ್ನದು, ಬಲಗಡೆಯದು ಅವಳದು. ನಕ್ಷೆಯನ್ನು ಅರ್ಧ ಬರೆದರೆ ಸಾಕಾಯಿತು, ಉಳಿದರ್ಧ ಅದರದೇ ಪ್ರತಿಬಿಂಬ. ಒಂದು ವಾರ ಬಟ್ಟೆ ನಮ್ಮ ಮನೆಯಲ್ಲಿ, ಒಂದು ವಾರ ಅವರ ಮನೆಯಲ್ಲಿ. ಮುಗಿದ ಮೇಲೆ ಚಿತ್ರ ಆರು ತಿಂಗಳು ನನ್ನ ಗೋಡೆಗೆ, ಆರು ತಿಂಗಳು ಅವಳ ಗೋಡೆಗೆ, ನಾವಿಬ್ಬರೂ ಇರುವ ತನಕ. ತುಳಸಿಯ ಮುಂದೆ ಕೈಮೇಲೆ ಕೈ ಹಾಕಿ ಒಪ್ಪಿಕೊಂಡೆವು, ಸಣ್ಣ ಹುಡುಗಿಯರ ಹಾಗೆ.

ಅರ್ಧಕ್ಕೆ ಬಂದಾಗ ಎಳೆಯ ವಾಲು ಕಣ್ಣಿಗೆ ಬಿತ್ತು. ಬಾಲ್ಕನಿಯ ಕಡೆಯಿಂದ ನೋಡಿದರೆ ಅವಳ ಆನೆ ಹೊಳೆಯುತ್ತಿತ್ತು, ನನ್ನದು ಮಬ್ಬು. ಅಡುಗೆಮನೆಯ ಬಾಗಿಲಿನಿಂದ ನೋಡಿದರೆ ನನ್ನದು ಹೊಳೆಯುತ್ತಿತ್ತು, ಅವಳದು ಮಬ್ಬು. ನಾನು ಬಟ್ಟೆ ಮಡಚಿಡಲು ಹೋದೆ. ಅವಳು ಚಪ್ಪಾಳೆ ತಟ್ಟಿ ನಕ್ಕಳು.

"ಛಂದನ ಆತಲ್ರಿ ಅಕ್ಕಾರ! ಒಂದು ಆನಿ ಮಲ್ಕೊಂಡ್ರ ಇನ್ನೊಂದು ಮನಿ ಕಾಯ್ತದ."

ಆ ಮಾತಿಗೆ ನಾನು ಸೋತುಹೋದೆ. ಜೀವಮಾನವಿಡೀ ಅಡ್ಡ ಕೈ, ಕೆಟ್ಟ ಕೈ ಎನಿಸಿಕೊಂಡ ಕೈಗೆ ಒಬ್ಬಳು ಹೀಗೆ ಹೇಳಿದಳು.

ಅವ್ವ ನಮ್ಮಲ್ಲಿಗೆ ಬಂದು ಇದ್ದದ್ದು ಆ ವರ್ಷಗಳಲ್ಲೇ. ಕೈ ನಡುಗುತ್ತಿತ್ತು, ಚಹಾದ ಬಟ್ಟಲು ಅರ್ಧವೇ ತುಂಬಿಸಿ ಕೊಡಬೇಕಿತ್ತು. ಕಣ್ಣು ಮಾತ್ರ ಚುರುಕು. ಗ್ರಾಫ್ ಹಾಳೆಯನ್ನು ತೊಡೆಯ ಮೇಲೆ ಹರವಿಕೊಂಡು ಆಕೆ ಎಣಿಸಿ ಹೇಳುವುದು, ನಾನು ಹಾಕುವುದು. "ಏಳು ಬೂದಿ. ಎರಡು ಕರಿ. ಏ ಎಡಚಿ, ಎರಡಂದ್ನಿ, ಮೂರಲ್ಲ." ಫುಟ್‌ಪಟ್ಟಿ ಹಿಡಿದಿದ್ದ ಆಕೆಯ ಬಾಯಲ್ಲಿ ಎಡಚಿ ಎಂಬುದು ಆಗ ಮುದ್ದಿನ ಹೆಸರಾಗಿತ್ತು.

ಒಂದು ಶನಿವಾರ ಗೆಳತಿಯೂ ಇದ್ದಳು. ಅವ್ವ ಇದ್ದಕ್ಕಿದ್ದಂತೆ ಸೂಜಿ ಕೇಳಿದಳು. ನಾನು ಹಸಿರು ದಾರ ಪೋಣಿಸಿ ಕೊಟ್ಟೆ. ನನ್ನ ಆನೆಯ ಹಿಂಗಾಲಿನ ಕೆಳಗೆ, ಹುಲ್ಲಿನ ಕೊನೆಯ ಸಾಲಿನಲ್ಲಿ, ಆಕೆ ಹನ್ನೊಂದು ಹೊಲಿಗೆ ಹಾಕಿದಳು. ಮಧ್ಯಾಹ್ನವೆಲ್ಲ ಹಿಡಿಯಿತು. ಆಕೆಯದು ಬಲಗೈ, ಹೀಗಾಗಿ ನನ್ನ ಎಡವಾಲಿನ ನಡುವೆ ಆ ಹನ್ನೊಂದು ಬಲಕ್ಕೆ ವಾಲಿದವು. ಒಂದು ಹೊಲಿಗೆ ಸೊಟ್ಟಗೆ ಮೇಲಿನ ಮನೆಗೆ ಹತ್ತಿತ್ತು, ಇನ್ನೊಂದು ಸಡಿಲಾಗಿ ಜೋತಿತ್ತು. "ಸೊಟ್ಟ ಆದ್ವವಾ, ಬಿಚ್ಚಿಬಿಡು" ಎಂದಳು ಅವ್ವ. ನಾನು ಬಾಯಿ ತೆರೆಯುವ ಮೊದಲೇ ಗೆಳತಿ ಆಕೆಯ ಕೈ ಹಿಡಿದುಕೊಂಡಳು.

"ಇರ್ಲಿ ಬಿಡ್ರಿ ಅವ್ವಾರ. ಹುಲ್ಲು ಎಲ್ಲಾದ್ರೂ ನೆಟ್ಟಗ ಇರ್ತದೇನು?"

ಆ ಶ್ರಾವಣದಲ್ಲಿ ಅವ್ವ ಹೋದಳು. ಆಕೆ ನನ್ನ ಪಾಲಿಗೆ ಬಿಟ್ಟುಹೋದ ಸೀರೆಗಳನ್ನು ತಂಗಿಯರಿಗೆ ಹಂಚಿಬಿಟ್ಟೆ. ನನಗೆ ಆ ಹನ್ನೊಂದು ಹೊಲಿಗೆ ಸಾಕು ಎನಿಸಿತ್ತು. ಆಕೆಯ ಕೈ ಹೇಗೆ ನಡುಗುತ್ತಿತ್ತು ಎಂಬುದು ಇನ್ನೆಲ್ಲಿಯೂ ಇರಲಿಲ್ಲ. ಫೋಟೋದಲ್ಲಿ ನಡುಕ ಬರುವುದಿಲ್ಲ.

ಕಾರ್ತೀಕದ ಹೊತ್ತಿಗೆ ಚಿತ್ರ ಮುಗಿಯಿತು. ತೊಳೆದು, ಇಸ್ತ್ರಿ ಮಾಡಿ, ಕಟ್ಟು ಹಾಕಿಸುವ ಕೆಲಸವನ್ನು ಗೆಳತಿ ತಾನೇ ವಹಿಸಿಕೊಂಡಳು. ಯುಗಾದಿಗೆ ಮಹಿಳಾ ಮಂಡಳದ ಕೈಕೆಲಸದ ಪ್ರದರ್ಶನವಿತ್ತು, ಅದಕ್ಕೂ ಇಡೋಣ ಎಂದಳು. ಚಿತ್ರ ಒಯ್ದವಳು ತಿಂಗಳಾದರೂ ತರಲಿಲ್ಲ. ಕೇಳಿದರೆ ಕಟ್ಟು ಹಾಕುವವನ ಮನೆಯಲ್ಲಿ ಮದುವೆ. ಮತ್ತೆ ಕೇಳಿದರೆ ಅವನು ಕೊಂಕಣಕ್ಕೆ ಹೋಗಿದ್ದಾನೆ. ಮತ್ತೆ ಕೇಳಿದರೆ ಗಾಜು ಒಡೆಯಿತಂತೆ, ಹೊಸದು ಬರಬೇಕು. ಶನಿವಾರ ಬರುವುದನ್ನೂ ಕಡಿಮೆ ಮಾಡಿದಳು. ಬಂದಾಗ ಕಣ್ಣು ಕೆಂಪಗೆ, ಕೆಳಗೆ ಕಪ್ಪು. ನಾನು ಮರುಗಿದೆ. ಗುಲಾಬಿ ನೀರಿನ ಬಾಟಲಿ ಕೊಟ್ಟು, ದಿನಕ್ಕೆರಡು ಸಲ ಹಚ್ಚಿಕೋ ಎಂದೆ. ಸಜ್ಜಿ ರೊಟ್ಟಿ ಮಾಡಿ ಡಬ್ಬಿ ಕಟ್ಟಿದೆ. ಎಂಥಾ ಪೆದ್ದಿ ನಾನು!

ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು. ಪರೀಕ್ಷಕಿಯಾಗಿ ಬಂದಿದ್ದ ಮರಾಠಿ ಹೆಂಗಸು ವೇದಿಕೆಯ ಮೇಲಿಂದ, "ಕುಣಾಚಾ ಹಾತ ಕುಠೇ ಸಂಪಲಾ, ಕಳತಚ ನಾಹೀ" ಎಂದು ಹೊಗಳಿದರು. ಯಾರ ಕೈ ಎಲ್ಲಿ ಮುಗಿಯಿತೋ ತಿಳಿಯುವುದೇ ಇಲ್ಲ ಎಂದು. ಟ್ಯೂಬ್‌ಲೈಟು ಗಾಜಿನ ಮೇಲೆ ಬಿದ್ದು ಚಿತ್ರವೇ ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಗೆಳತಿಯ ಕೈ ಹಿಡಿದು ಹಿಗ್ಗಿದೆ. ಅವಳ ಕೈ ತಣ್ಣಗಿತ್ತು. ಸಂತೋಷಕ್ಕೆ ಎಂದುಕೊಂಡೆ.

ಮೊದಲ ಆರು ತಿಂಗಳು ನನ್ನ ಪಾಳಿ. ಯುಗಾದಿಯಿಂದ ದಸರೆಯವರೆಗೆ. ಗೋಡೆಗೆ ಹಾಕಿದ ಮೇಲೆ ಬೇಸಿಗೆಯಲ್ಲಿ ಪರದೆ ಎಳೆದೇ ಇದ್ದೆವು, ಆಮೇಲೆ ಪುಣೆಯ ಮಳೆಗಾಲ, ಬಿಸಿಲೇ ಇಲ್ಲ. ಗಣಪತಿ ಮುಗಿದು ಒಂದು ವಾರಕ್ಕೆ ಒಳ್ಳೆಯ ಬಿಸಿಲು ಬಿತ್ತು. ಮಧ್ಯಾಹ್ನ ಚಹಾ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದೆ. ಅಲ್ಲಿಂದ ನನ್ನ ಆನೆ ಹೊಳೆಯಬೇಕು. ಹೊಳೆಯಲಿಲ್ಲ. ಎರಡೂ ಮಬ್ಬಾಗಿದ್ದವು. ಬಾಲ್ಕನಿಗೆ ಹೋಗಿ ನೋಡಿದೆ. ಎರಡೂ ಹೊಳೆಯುತ್ತಿದ್ದವು.

ಕನ್ನಡಕ ಹಾಕಿಕೊಂಡು ಗಾಜಿಗೆ ಮೂಗು ಹಚ್ಚಿದೆ. ನನ್ನ ಆನೆಯ ಸೊಂಡಿಲು, ಕಿವಿ, ಬೆನ್ನಿನ ಜೂಲು, ಕಾಲ್ಗಡಗ. ಒಂದೊಂದು ಹೊಲಿಗೆಯೂ ಬಲಕ್ಕೆ ವಾಲಿತ್ತು. ನನ್ನ ಕೈಯದು ಒಂದೂ ಇರಲಿಲ್ಲ. ಎರಡೂವರೆ ವರ್ಷ ನಾನು ಹಾಕಿದ್ದನ್ನು ಅವಳು ನಾಲ್ಕೂವರೆ ತಿಂಗಳು ಕೂತು ಬಿಚ್ಚಿ, ಮತ್ತೆ ತನ್ನ ಕೈಯಲ್ಲಿ ಹಾಕಿದ್ದಳು. ಆ ಕೆಂಪು ಕಣ್ಣು ಅದರದು. ನಾನು ಗುಲಾಬಿ ನೀರು ಕೊಟ್ಟದ್ದು ಅದಕ್ಕೆ. ನಮ್ಮ ಯಜಮಾನರನ್ನು ಕರೆದು ತೋರಿಸಿದೆ. ಅವರು ತಲೆ ಓರೆ ಮಾಡಿ ನೋಡಿ, "ಛಂದನ ಅದ ಅಲ್ಲ?" ಎಂದರು. ಅವರ ಮೇಲೂ ಕೂಗಾಡಿದೆ.

ಆಮೇಲೆ ಅವ್ವನ ಹೊಲಿಗೆ ನೆನಪಾಯಿತು. ಕಟ್ಟಿನ ಒಳಗಿನ ಬಿಳಿ ರಟ್ಟು ಹುಲ್ಲಿನ ಕೊನೆಯ ಎರಡು ಸಾಲುಗಳನ್ನು ಮುಚ್ಚಿತ್ತು. ನನಗೆ ಒಂದು ಆಸೆ ಹುಟ್ಟಿತು. ಅವ್ವನವು ಮೊದಲೇ ಬಲಕ್ಕೆ ವಾಲಿದ್ದವು. ನಿಯಮಕ್ಕೆ ಸರಿಯಾಗೇ ಇದ್ದವು. ಬಿಚ್ಚುವ ಕಾರಣವೇ ಇರಲಿಲ್ಲ, ಮೇಲಾಗಿ ಯಾವ ಪರೀಕ್ಷಕರಿಗೂ ಅವು ಕಾಣುತ್ತಿರಲಿಲ್ಲ. ಅವಷ್ಟೂ ಉಳಿದಿದ್ದರೆ ಉಳಿದದ್ದನ್ನೆಲ್ಲ ಕ್ಷಮಿಸಿಬಿಡುತ್ತೇನೆ ಎಂದುಕೊಂಡೆ, ನಿಜವಾಗಿ ಹಾಗಂದುಕೊಂಡೆ. ಸ್ಕ್ರೂಡ್ರೈವರ್ ತಂದು ಕಟ್ಟಿನ ಮೊಳೆಗಳನ್ನು ಕಿತ್ತು ರಟ್ಟು ಸರಿಸಿದೆ.

ಹಿಂಗಾಲಿನ ಕೆಳಗೆ, ಕೊನೆಯ ಸಾಲಿನಲ್ಲಿ, ಹನ್ನೊಂದು ಹೊಲಿಗೆ ಇದ್ದವು. ನೆಟ್ಟಗೆ. ಪೆರೇಡಿಗೆ ನಿಂತ ಹಾಗೆ ನೆಟ್ಟಗೆ.

ನೆಲದ ಮೇಲೆ ಕೂತು ಅತ್ತೆ. ಅವ್ವ ಹೋದಾಗ ಅಷ್ಟು ಅತ್ತಿರಲಿಲ್ಲ.

ಫೋನ್ ಮಾಡಲಿಲ್ಲ. ನನ್ನ ಸ್ವಭಾವಕ್ಕೆ ಇದು ಹೊಂದುವುದಲ್ಲ, ಆದರೆ ಮಾಡಲಿಲ್ಲ. ಸೂಜಿ ತೆಗೆದುಕೊಂಡು ಆ ಹನ್ನೊಂದನ್ನೂ ಬಿಚ್ಚಿದೆ. ಐದು ನಿಮಿಷವೂ ಹಿಡಿಯಲಿಲ್ಲ. ಆ ರಟ್ಟನ್ನು ಬಿಸಾಕಿ, ಕೊನೆಯ ಸಾಲೂ ಹೊರಗೆ ಕಾಣುವ ಹಾಗೆ ಚಿತ್ರವನ್ನು ಮತ್ತೆ ಕಟ್ಟಿನಲ್ಲಿ ಕೂಡಿಸಿದೆ. ಹಸಿರು ಹುಲ್ಲಿನಲ್ಲಿ ಹನ್ನೊಂದು ಬಿಳಿ ಮನೆ.

ದಸರೆಯ ದಿನ ಗೆಳತಿ ಹೊಸ ಸೀರೆಯುಟ್ಟು ಬಂದಳು. ತನ್ನ ಪಾಳಿ ಬಂದಿತ್ತು, ಚಿತ್ರ ಒಯ್ಯಲು ದೊಡ್ಡ ಚಾದರ ತಂದಿದ್ದಳು. ನನ್ನ ಕೈಯಲ್ಲಿ ಬನ್ನಿಯ ಎಲೆ ಇಟ್ಟು ಕಾಲಿಗೆ ಬಗ್ಗಿದಳು. "ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ ಅಕ್ಕಾರ" ಎಂದಳು. ನಾನು ಎಲೆಯನ್ನು ಟೇಬಲ್ ಮೇಲೆ ಇಟ್ಟೆ. ಅವಳು ಎದ್ದು ಚಿತ್ರದ ಮುಂದೆ ನಿಂತಳು. ಒಂದು ಗಳಿಗೆಯೂ ಆಗಿರಲಿಲ್ಲ, ಬೆರಳು ನೆಟ್ಟಗೆ ಮೂಲೆಗೆ ಹೋಯಿತು.

"ಅಯ್ಯ, ಇಲ್ಲೆ ಖಾಲಿ ಉಳದಾವಲ್ರಿ! ಹೆಂಗ ಬಿಚ್ಚಿದ್ವು? ಸೂಜಿ ಕೊಡ್ರಿ, ಒಂದ ಗಳಿಗ್ಯಾಗ ತುಂಬಿಬಿಡ್ತೀನಿ."

"ಉಳದದ್ದೆಲ್ಲಾ ತುಂಬೀಯಲ್ಲ, ಸಾಕಾಗಲಿಲ್ಲೇನು?" ಎಂದೆ.

ಅವಳು ತಿರುಗಿ ನನ್ನನ್ನು ನೋಡಿದಳು. ನನಗೆ ಗೊತ್ತಾಗಿದೆ ಎಂಬುದು ಅವಳಿಗೆ ಗೊತ್ತಾಯಿತು. ಸುಳ್ಳು ಹೇಳಲಿಲ್ಲ, ಅಷ್ಟು ಮಾತ್ರ ಅವಳ ಪರವಾಗಿ ಹೇಳಬೇಕು.

"ಪರೀಕ್ಷಾದಾಗ ತಗದು ಹಾಕ್ತಿದ್ರು ಅಕ್ಕಾರ. ಎರಡು ಕಡೆ ಎರಡು ವಾಲು ಇದ್ರ ಹೊರಗನ ಇಡ್ತಾರ. ನಿಮಗ ಹೇಳಿದ್ರ ನೀವು ಒಪ್ಪತಿದ್ದಿಲ್ಲ. ಇಬ್ಬರ ಹೆಸರೂ ಬರಬೇಕಂತ ಮಾಡಿದೆ. ಕಣ್ಣು ಹಾಳ ಮಾಡ್ಕೊಂಡೆ ನಾ."

"ಒಂದು ಆನಿ ಮಲ್ಕೊಂಡ್ರ ಇನ್ನೊಂದು ಮನಿ ಕಾಯ್ತದ ಅಂದಿದ್ದಿ."

"ಅದು ಮನ್ಯಾಗಿನ ಮಾತ್ರೀ. ಮಂದಿ ಮುಂದ ಇಡೂದು ಬ್ಯಾರೆ ಅಲ್ರಿ?"

ನನಗೆ ಅವಳ ಕೆನ್ನೆಗೆ ಬಿಡಬೇಕು ಎನಿಸಿತು. ಎಡಗೈಯಿಂದಲೇ. ತಡೆದುಕೊಂಡು, ಕೇಳಬೇಕಾದದ್ದನ್ನು ಕೇಳಿದೆ.

"ಆ ಹನ್ನೊಂದು? ಅವು ನಿನ್ನ ಕಡೇನ ವಾಲಿದ್ವು. ಅವನ್ಯಾಕ ಬಿಚ್ಚಿದಿ? ಯಾರವು ಅಂತ ಮರ್ತಿದ್ದ್ಯೇನು?"

ಮರೆತಿದ್ದೆ ಎನ್ನಲಿ ಎಂದು ನಾನು ಕಾದೆ. ಮರೆತಿದ್ದರೆ ಅದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಅವಳ ಕಣ್ಣಲ್ಲಿ ನೀರು ಬಂತು.

"ಮರೀತೀನೇನ್ರೀ? ಅವ್ವಾರವು ಅಂತ ಗೊತ್ತಿತ್ತು. ಅದಕ್ಕ ಅವನ್ನ ಎಲ್ಲಾಕಿಂತ ಛಂದ ಮಾಡಿ ಹಾಕಿದೆ. ಸೊಟ್ಟ ಕಾಣಬಾರದು ಅಂತ. ಅವ್ವಾರ ಕೆಲಸ ನೆಟ್ಟಗ ಕಾಣಲಿ ಅಂತ."

ಅವಳು ಅದನ್ನು ಮನಸಾರೆ ಹೇಳಿದಳು. ಅದೇ ನನ್ನನ್ನು ಕೊಂದದ್ದು. ಕೆಡುಕಿಗೆ ಮಾಡಿದ್ದರೆ ಜಗಳಾಡಿ ಮುಗಿಸಬಹುದಿತ್ತು.

"ಬಿಚ್ಚಿದ ದಾರ ಎಲ್ಲಿ ಅದ?"

"ಕಸದಾಗ ಹೋತ್ರಿ. ಘಂಟಾಗಾಡಿಗೆ."

ಪುಣೆಯ ಕಸದ ಗಾಡಿ ದಿನಾ ಬೆಳಿಗ್ಗೆ ಹಾಡು ಹಾಕಿಕೊಂಡು ನಮ್ಮ ಗೇಟಿಗೆ ಬರುತ್ತದೆ. ಯಾವುದೋ ಒಂದು ಬೆಳಿಗ್ಗೆ ನಾನೂ ಅದರಲ್ಲಿ ಕಸ ಹಾಕುತ್ತ ನಿಂತಿರಬೇಕು, ಅವಳ ಪಕ್ಕದಲ್ಲೇ, ನಗುತ್ತ.

ನಾನು ಚಿತ್ರ ಇಳಿಸಿ ಅವಳ ಚಾದರದಲ್ಲಿ ಸುತ್ತಿ ಕೊಟ್ಟೆ. ಹತ್ತು ವರ್ಷದಲ್ಲಿ ಮೊದಲ ಸಲ ಅವಳಿಗೆ ರೀ ಹಚ್ಚಿ ಮಾತಾಡಿದೆ.

"ಒಯ್ಯಿರಿ. ಈಗ ಇದು ಪೂರಾ ನಿಮ್ಮದ ಅದ. ಆ ಖಾಲಿ ಹನ್ನೊಂದು ಮಾತ್ರ ನಮ್ಮವ್ವಂದು. ಅದರಾಗ ಸೂಜಿ ಹಾಕಬ್ಯಾಡ್ರಿ."

ಅವಳು ಅಳುತ್ತ ಹೋದಳು. ನಾನು ಬಾಗಿಲು ಹಾಕಿಕೊಂಡೆ.

ಮತ್ತೆ ಯುಗಾದಿ ಬಂತು, ನನ್ನ ಪಾಳಿಯೂ ಬಂತು. ನಾನು ಕೇಳಿಲ್ಲ, ಅವಳೂ ತಂದಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಅವಳು ಏನೋ ಹೇಳಲು ಬಾಯಿ ತೆರೆಯುತ್ತಾಳೆ, ನಾನು ಮಹಡಿಯ ನಂಬರುಗಳನ್ನು ನೋಡುತ್ತ ನಿಲ್ಲುತ್ತೇನೆ. ಮೇಲಿನ ಮಹಡಿಯ ಹುಡುಗಿ, "ಆಂಟಿ, ಆ ಆನೆ ಚಿತ್ರ ಈಗ ಅವರ ಮನೇಲಿದೆ, ಕಂಪ್ಲೀಟಾಗಿ ತುಂಬಾ ಚೆನ್ನಾಗಿದೆ" ಎಂದು ಮೊನ್ನೆ ಹೇಳಲು ಬಂದಳು. ಕಂಪ್ಲೀಟಾಗಿ ಎಂದರೆ ಹೇಗೆ ಎಂದು ನಾನು ಕೇಳಲಿಲ್ಲ. ಆ ಕೈ ನನಗೆ ಗೊತ್ತು. ತುಂಬಿರುತ್ತಾಳೆ.